ಚಂದ್ರಾಮನ ಹೆಂಡಿ ಬ್ಯಾಟರಿ

ವಾಡಿಯಿಂದ ಶಹಾಬಾದ್ ಕಡೆ ಹೋಗುವಾಗ, ರೈಲು ಹಳಿಯಿಂದ ಒಂದೂವರೆ ಮೈಲು ಒಳಗೆ, ಆ ಕಾಲದಲ್ಲಿ ಒಂದು ಸುಣ್ಣಗಲ್ಲಿನ ಖಣಿ ಇತ್ತು. ಅದನ್ನು ನಡೆಸುತ್ತಿದ್ದ ಕಂಪನಿ ಈಗಿಲ್ಲ. ಖಣಿಯಲ್ಲಿ ಮದ್ದು ಹಾರಿಸುವ ಮೊದಲು ಕಲ್ಲಿನ ಬಂಡಿಗಳನ್ನು ತಡೆಯಬೇಕಾಗುತ್ತಿತ್ತು. ಅದಕ್ಕೆಂದು ಗೇಟಿನ ಗುಡಿಸಲಿನ ಗೋಡೆಗೆ ಒಂದು ಸೂಜಿ ಯಂತ್ರ ಬಡಿದಿದ್ದರು. ಗೋಡೆ ಗಡಿಯಾರದಷ್ಟು ದೊಡ್ಡ ಮರದ ಪೆಟ್ಟಿಗೆ, ಮುಂದೆ ಗಾಜು, ಗಾಜಿನ ಹಿಂದೆ ಬೆರಳುದ್ದದ ಕರಿ ಸೂಜಿ. ತಂತಿಯಲ್ಲಿ ಕರೆಂಟು ಹರಿದರೆ ಸೂಜಿ ಬಲಕ್ಕೆ ವಾಲುತ್ತಿತ್ತು, ಬಂಡಿ ಬಿಡಬಹುದು. ಕರೆಂಟು ನಿಂತರೆ, ಅಥವಾ ಮದ್ದಿನವರು ನಿಲ್ಲಿಸಿದರೆ, ಸೂಜಿ ನೆಟ್ಟಗಾಗುತ್ತಿತ್ತು, ಬಂಡಿ ಬಿಡಬಾರದು. ಇಷ್ಟೇ ಅದರ ಭಾಷೆ.

ಆ ಸೂಜಿಗೆ ಕರೆಂಟು ಕೊಡುವ ಕೋಣೆಗೆ ಬ್ಯಾಟರಿ ಖೋಲಿ ಎನ್ನುತ್ತಿದ್ದರು, ಅದು ಖಣಿಯ ದಂಡೆಗಿತ್ತು. ೧೯೫೮ರಿಂದ ಅದನ್ನು ನೋಡಿಕೊಂಡವನು ಚಂದ್ರಾಮ.

ಚಂದ್ರಾಮ ಸೇಡಂ ತಾಲ್ಲೂಕಿನ ಕುರಕುಂಟಾದವನು. ಊರಿನಲ್ಲಿ ದನ ಸತ್ತರೆ ಎಳೆದುಕೊಂಡು ಹೋಗುವುದು ಅವನ ಅಪ್ಪನ ಪಾಲಿಗೆ ಬಂದ ಕೆಲಸವಾಗಿತ್ತು. ಚಂದ್ರಾಮ ಶಾಲೆಗೆ ಹೋದ ನಾಲ್ಕು ವರ್ಷ ಪಡಸಾಲೆಯ ಹೊರಗೇ ಕೂತು ಕಲಿತ. ಐವತ್ತೇಳರಲ್ಲಿ ಮನೆಯವರೆಲ್ಲ ಬೌದ್ಧರಾದರು. ಅಪ್ಪ ಆ ಕೆಲಸ ಬಿಟ್ಟ. ಊರಲ್ಲಿ ಬೇರೆ ಕೆಲಸ ಯಾರೂ ಕೊಡಲಿಲ್ಲ. ಮಗ ಖಣಿಗೆ ಬಂದು ಕಲ್ಲು ಒಡೆಯತೊಡಗಿದ.

ಅಲ್ಲಿಂದ ಅವನನ್ನು ಬ್ಯಾಟರಿ ಖೋಲಿಗೆ ಕರೆದುಕೊಂಡವನು ಅಬ್ದುಲ್ ಗನಿ. ನಿಜಾಮರ ಕಾಲದಿಂದ ಬ್ಯಾಟರಿ ಕೆಲಸ ಮಾಡಿ ಬೆರಳ ತುದಿ ಬಿರಿದಿದ್ದ ಮುದುಕ. ನಳದ ಹತ್ತಿರ ಕೂಲಿಗಳೆಲ್ಲ ಕೈ ನೆನೆಸಿ ಎದ್ದು ಹೋಗುವಾಗ ಈ ಹುಡುಗನೊಬ್ಬ ಉಗುರಿನ ಸಂದಿಯನ್ನೂ ಬಿಡದೆ ತಿಕ್ಕುವುದನ್ನು ಅವನು ಒಂದು ವಾರ ನೋಡಿದ್ದನಂತೆ.

"ನೋಡಪಾ," ಎಂದು ಮೊದಲ ದಿನ ಹೇಳಿದ. "ಬ್ಯಾಟರಿ ನೀ ಯಾರ ಮಗ ಅಂತ ಕೇಳಂಗಿಲ್ಲ. ಹೊಲಸು ಇದ್ರ ಮಾತ್ರ ಸುಮ್ಮನಿರಂಗಿಲ್ಲ."

ಚಂದ್ರಾಮನಿಗೆ ಯಾರೂ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಕೆಲಸ ಹೀಗಿತ್ತು. ಗಾಜಿನ ಭರಣಿಯಲ್ಲಿ ನವಸಾಗರವೆಂಬ ಉಪ್ಪು ಕರಗಿಸಿದ ನೀರು, ಅದರಲ್ಲಿ ಒಂದು ಸತುವಿನ ಕೋಲು. ನಡುವೆ ಮೆರುಗು ಹಾಕದ ಮಣ್ಣಿನ ಗಡಗಿ, ಗಡಗಿಯೊಳಗೆ ಕಾರ್ಬನ್ ಕೋಲು. ನೀರು ಒಳಗಿಂದ ಹೊರಗೆ ಜಿನುಗುವುದರಿಂದ ಅಬ್ದುಲ್ ಗನಿ ಅದಕ್ಕೆ ಬೆವರೋ ಗಡಗಿ ಎನ್ನುತ್ತಿದ್ದ. ಇಂಥ ಹನ್ನೆರಡು ಭರಣಿ. ಶನಿವಾರ ಬಂತೆಂದರೆ ಕೋಲುಗಳನ್ನು ತೆಗೆದು ನಾರಿನಿಂದ ತಿಕ್ಕಿ, ಗಡಗಿಗಳನ್ನು ಸೋಡಾ ನೀರಿನಲ್ಲಿ ಕುದಿಸಿ, ಹೊಸ ನೀರು ತುಂಬಬೇಕು. ಮುದುಕ ೧೯೬೧ರಲ್ಲಿ ತೀರಿಕೊಂಡ. ಆಮೇಲೆ ಹದಿಮೂರು ವರ್ಷ, ಕಾಯಿಲೆ ಬಿದ್ದ ಒಂದು ಸಲ ಬಿಟ್ಟರೆ, ಚಂದ್ರಾಮ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಖೋಲಿಯ ನೆಲ ಊಟಕ್ಕೆ ಕೂಡಬಹುದಾದ ಹಾಗಿರುತ್ತಿತ್ತು. ಬಂದವರು ಹೊರಗೆ ಚಪ್ಪಲಿ ಬಿಡುತ್ತಿದ್ದರು. ಬಿಡಿ ಎಂದು ಅವನು ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತರ ಮಳೆಗಾಲದಲ್ಲಿ ಒಂದು ವಿಚಿತ್ರ ನಡೆಯಿತು. ಬ್ಯಾಟರಿ ಬಿಚ್ಚಿಟ್ಟಿದ್ದಾಗಲೂ ಗೇಟಿನ ಸೂಜಿ ಒಂದು ಕೂದಲೆಳೆಯಷ್ಟು ಬಲಕ್ಕೆ ವಾಲಿ ನಿಂತಿತ್ತು. ಗೇಟು ಕಾಯುತ್ತಿದ್ದ ಲಾಲ್ ಅಹ್ಮದ್ ಅದನ್ನು ಮೊದಲು ಕಂಡವನು. ಚಂದ್ರಾಮನ ವಾರಿಗೆಯವನೇ, ಬಾಯಿಗೆ ಬೀಗವಿಲ್ಲದವನು.

"ಅರೇ ಚಂದ್ರಾಮ, ನಿನ್ನ ಉಸ್ತಾದ ಕಬರ್‌ನಾಗಿಂದ ಎದ್ದು ಬಂದು ಸೂಜಿ ದಬ್ಬಲಿಕತ್ಯಾನ ನೋಡು."

"ಅವ್ರು ದಬ್ಬಿದ್ರ ಪೂರಾ ದಬ್ತಿದ್ರು," ಎಂದ ಚಂದ್ರಾಮ. "ಅರ್ಧ ಕೆಲಸ ಮಾಡೋರಲ್ಲ."

ತಂತಿ ಹಿಡಿದುಕೊಂಡು ಹುಡುಕುತ್ತಾ ಹೋದ. ತಂತಿಯ ಕೊನೆ ಎತ್ತುಗಳ ಕೊಟ್ಟಿಗೆಯ ಹಿಂದೆ, ಕರೆಂಟು ಮರಳುವ ದಾರಿಗೆಂದು ನೆಲದಲ್ಲಿ ಹೂತ ಒಂದು ಲೋಹದ ತಟ್ಟೆಗೆ ಸೇರುತ್ತಿತ್ತು. ಅಲ್ಲಿ ಮಳೆಗೆ ಎತ್ತುಗಳ ಹೆಂಡಿ, ಅಂದರೆ ಸಗಣಿ, ಕೊಚ್ಚಿ ಬಂದು ಮೊಣಕಾಲ ಮಟ ಕೆಸರಾಗಿತ್ತು. ತಟ್ಟೆಯನ್ನು ಕಿತ್ತು ಒಣ ನೆಲದಲ್ಲಿ ಹೂತ. ಸೂಜಿ ನೆಟ್ಟಗಾಯಿತು. ಮತ್ತೆ ಹೆಂಡಿಯಲ್ಲಿ ಹೂತ. ಮೂರನೆಯ ದಿನ ಸೂಜಿ ಮತ್ತೆ ವಾಲಿತು.

ಮಾರನೆಯ ವಾರ ಒಂದು ಭರಣಿಯಲ್ಲಿ ನವಸಾಗರದ ಬದಲು ಉಪ್ಪುನೀರು ಹಾಕಿ ಕಾರ್ಬನ್ ಕೋಲು ನಿಲ್ಲಿಸಿದ. ನಡುವಿನ ಬೆವರೋ ಗಡಗಿಯಲ್ಲಿ ಹೆಂಡಿಯ ರಾಡಿ ತುಂಬಿ, ಸತುವಿನ ಕೋಲು ಇಳಿಬಿಟ್ಟ. ಸೂಜಿ ಜೋರಾಗಿ ಹೊಡೆಯಿತು. ಹೆಂಡಿಯಲ್ಲಿ ಕರೆಂಟು ಅದ ಎಂದು ಮನೆಯಲ್ಲಿ ಹೇಳಿದ. ಹೆಂಡತಿ ಅನಸುಬಾಯಿ ರೊಟ್ಟಿ ತಟ್ಟುತ್ತಲೇ, "ಹಂಗಿದ್ರ ಕುಳ್ಳು ಬಡಿಯೋವಾಗ ನನಗೆಂದೂ ಯಾಕ ಹೊಡದಿಲ್ರಿ?" ಎಂದಳು.

ಅವನ ಖುಷಿಯನ್ನು ಒಡೆದವರು ದೇವೀಂದ್ರಪ್ಪ ಮಾಸ್ತರು. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳಿಗೆ ಬ್ಯಾಟರಿ ಖೋಲಿ ತೋರಿಸಲು ಕರೆತರುತ್ತಿದ್ದರು. ಚಂದ್ರಾಮನಿಗಿಂತ ಹತ್ತು ವರ್ಷ ಚಿಕ್ಕವರು, ಮನೆಯ ಹೊರಗೆ ಅವನನ್ನು ನೀವು ಎಂದು ಕರೆಯುತ್ತಿದ್ದ ಒಬ್ಬರೇ ಮನುಷ್ಯ.

"ಚಂದ್ರಾಮಪ್ಪ, ಈ ಸತುವಿನ ಕೋಲು ತೂಕ ಮಾಡೀರೇನು?"

"ಇಲ್ರಿ ಮಾಸ್ತರ್."

"ಮಾಡ್ರಿ. ಹದಿನೈದು ದಿನ ಬಿಟ್ಟು ಮತ್ತ ಮಾಡ್ರಿ."

ಕೋಲು ಎರಡು ತೊಲೆ ಕಡಿಮೆಯಾಗಿತ್ತು. ಕರೆಂಟು ಬಂದದ್ದು ಹೆಂಡಿಯಿಂದಲ್ಲ, ಸತು ಕರಗಿದ್ದರಿಂದ. ಹೆಂಡಿಯ ಪಾಲು ಎಷ್ಟೆಂದು ತಿಳಿಯಬೇಕಾದರೆ ಸತು ತೆಗೆದು, ಎರಡೂ ಕಡೆ ಕಾರ್ಬನ್ನನ್ನೇ ಹಾಕಬೇಕು. ಕಾರ್ಬನ್ ಕರಗುವುದಿಲ್ಲ, ಆಗ ಬಂದದ್ದೆಲ್ಲ ಹೆಂಡಿಯದು ಎಂದರು ಮಾಸ್ತರು. ಹಾಗೆ ಮಾಡಿದ ದಿನ ಸೂಜಿ ಅಲುಗಲೇ ಇಲ್ಲ. ಮಾಸ್ತರು ಶಾಲೆಯ ಮೀಟರು ತಂದುಕೊಟ್ಟು, ಒಂದು ನೋಟುಬುಕ್ಕನ್ನೂ ಕೊಟ್ಟು ಹೋದರು. ದಿನಾ ಬರೆಯಿರಿ, ಒಮ್ಮೆಗೆ ಒಂದನ್ನೇ ಬದಲಾಯಿಸಿರಿ ಎಂದರು.

ಆಮೇಲಿನ ನಾಲ್ಕು ವರ್ಷ, ಸೂಜಿಯ ಬ್ಯಾಟರಿಯ ಪಕ್ಕದಲ್ಲೇ ಬೇರೆ ಹನ್ನೆರಡು ಹೆಂಡಿಯ ಗಡಗಿ ಹೂಡಿ, ಚಂದ್ರಾಮ ಬರೆದ. ಒಳಗೆ ಗಾಳಿ ಹೋದರೆ ಕರೆಂಟು ಸಾಯುತ್ತದೆ, ಅದಕ್ಕೆ ಗಡಗಿಯ ಬಾಯಿಗೆ ಜೇಡಿಮಣ್ಣು ಮೆತ್ತಬೇಕು. ಹೊರಗಿನ ಕೋಲಿಗೆ ಮಾತ್ರ ಗಾಳಿ ಬೇಕೇ ಬೇಕು, ಅದರ ತಲೆ ಉಪ್ಪುನೀರಿನಿಂದ ಮೇಲಿರಬೇಕು. ಒಂದು ಕೋಲಿಗಿಂತ ಆರು ಕೋಲಿನ ಕಟ್ಟು ಮೇಲು. ಬರೀ ಹೆಂಡಿಗಿಂತ, ಪಾತ್ರೆ ತೊಳೆದ ಮುಸುರಿ ನೀರು ಕೂಡಿಸಿದ ಹೆಂಡಿ ಮೇಲು. ತೀರಿಹೋದ ಟಾರ್ಚಿನ ಸೆಲ್ಲುಗಳನ್ನು ವಾಡಿ, ಶಹಾಬಾದಿನ ಅಂಗಡಿಗಳಿಂದ ಆರಿಸಿ ತಂದು, ಒಡೆದು, ಕಾರ್ಬನ್ ಕೋಲು ತೆಗೆದ. ಅನಸುಬಾಯಿ ಓಣಿಯ ಮುಸುರಿ ನೀರೆಲ್ಲ ಒಂದು ಡಬ್ಬಿಗೆ ಹಾಕಿಸಿಕೊಂಡು ಬರುತ್ತಿದ್ದಳು.

"ಎಮ್ಮಿ ಕಟ್ಟೀ ಏನವಾ?" ಎಂದು ಓಣಿಯವರು ಕೇಳಿದರೆ, "ಹೌದು, ಹನ್ನೆರಡು. ಹಾಲು ಮಾತ್ರ ಕೊಡವಲ್ಲವು," ಎನ್ನುತ್ತಿದ್ದಳು.

ಆದರೂ ಒಂದು ಗಡಗಿಗೆ ಒಂದು ಮಿಲಿ ಆಂಪಿಯರಿನ ಮೂರನೆಯ ಒಂದು ಪಾಲು ದಾಟಲಿಲ್ಲ. ನೋಟುಬುಕ್ಕಿನಲ್ಲಿ ಅಂಕಿ ಶನಿವಾರ ಬೀಳುತ್ತಿತ್ತು, ಬುಧವಾರದಿಂದ ಏರುತ್ತಿತ್ತು, ಶುಕ್ರವಾರ ಎಲ್ಲಕ್ಕೂ ಹೆಚ್ಚಿರುತ್ತಿತ್ತು, ಮತ್ತೆ ಶನಿವಾರ ಬೀಳುತ್ತಿತ್ತು. ಶನಿವಾರ ಅವನು ಎರಡು ಕೆಲಸ ಮಾಡುತ್ತಿದ್ದ: ರಾಡಿ ಬದಲಾಯಿಸುತ್ತಿದ್ದ, ಕೋಲು ತೊಳೆಯುತ್ತಿದ್ದ. ಹೊಸ ರಾಡಿ ಕಾವಿಗೆ ಬರಲು ನಾಲ್ಕು ದಿನ ಬೇಕೆಂದು ಬರೆದುಕೊಂಡ. ತೊಳೆಯುವುದು ಒಂದು ಬದಲಾವಣೆ ಎಂದು ಅವನಿಗೆ ಹೊಳೆಯಲಿಲ್ಲ. ಮುಖ ತೊಳೆದದ್ದನ್ನು ಯಾರು ಬರೆದಿಡುತ್ತಾರೆ?

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಖಣಿಗೆ ವಿದ್ಯುತ್ ಕಂಬಗಳು ಬಂದವು. ಮ್ಯಾನೇಜರು ಚಂದ್ರಾಮನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ.

"ಇನ್ನ ಬ್ಯಾಟರಿ ಖೋಲಿ ಯಾಕ ಬೇಕು ಚಂದ್ರಾಮ? ಸೂಜಿಗೆ ಕಂಬದ ಕರೆಂಟೇ ಕೊಡ್ತಾರ."

"ಕರೆಂಟ್ ದಿನಕ್ಕ ನಾಕು ಸಲ ಹೋಗ್ತದ್ರಿ. ಹೋದಾಗೆಲ್ಲ ಸೂಜಿ ನೆಟ್ಟಗಾಗ್ತದ, ಬಂಡಿ ನಿಂದರ್ತಾವ."

"ಖರೇ. ಆದ್ರ ಸತು, ನವಸಾಗರ ಇನ್ನ ತರಸಬ್ಯಾಡ್ರಿ ಅಂತ ಮ್ಯಾಲಿಂದ ಬರದಾರ."

"ಹೆಂಡಿ ಬ್ಯಾಟರಿಗೆ ಅವೆರಡೂ ಬ್ಯಾಡ್ರಿ."

ಮ್ಯಾನೇಜರು ನಗಲಿಲ್ಲ. ಜುಲೈ ಕೊನೆಗೆ ದೊಡ್ಡ ಸಾಹೇಬರು ಬರುತ್ತಾರೆ, ಅವರ ಎದುರು ನಿನ್ನ ಹೆಂಡಿ ಒಂದು ತಾಸು ಸೂಜಿ ಹಿಡಿದು ನಿಲ್ಲಿಸಿದರೆ ಖೋಲಿ ಇಟ್ಟುಕೊಳ್ಳಲು ನಾನೇ ಹೇಳುತ್ತೇನೆ ಎಂದರು. ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ, "ಇಲ್ಲಂದ್ರೂ ಚಿಂತಿ ಬ್ಯಾಡ. ಕಾಲೋನಿ ಸಫಾಯಿ ಗ್ಯಾಂಗಿನಾಗ ಒಂದು ಜಾಗ ಖಾಲಿ ಅದ. ಪಗಾರ ಅಷ್ಟೇ, ಕ್ವಾರ್ಟರ್ಸೂ ಅದೇ. ನಿನಗೇನೂ ನುಕ್ಸಾನ ಇಲ್ಲ," ಎಂದರು.

ಚಂದ್ರಾಮ ಹೊರಗೆ ಬಂದು ನಳದಲ್ಲಿ ಕೈ ತೊಳೆದುಕೊಂಡ. ಕೈಗೆ ಏನೂ ಆಗಿರಲಿಲ್ಲ.

ಅದೇ ಮೇ ತಿಂಗಳಲ್ಲಿ ಅವನಿಗೆ ವಿಷಮ ಜ್ವರ ಬಂತು. ಸೇಡಂ ದವಾಖಾನೆಯಲ್ಲಿ ಹತ್ತೊಂಬತ್ತು ದಿನ ಮಲಗಿದ. ಸೂಜಿಯ ಬ್ಯಾಟರಿಯನ್ನು ಲಾಲ್ ಅಹ್ಮದ್ ನೋಡಿಕೊಂಡ. ಹೆಂಡಿಯ ಗಡಗಿಗಳನ್ನು ಮುಟ್ಟಲು ಅವನಿಗೆ ಮನಸ್ಸಾಗಲಿಲ್ಲ. ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಸಲಾಂ ಹೇಳಿ ಹೋದೆ ಎಂದ. ಮರಳಿ ಬಂದ ಚಂದ್ರಾಮ ಗಡಗಿಗಳೆಲ್ಲ ಸತ್ತಿರಬಹುದೆಂದು ಮೀಟರು ಹಚ್ಚಿದ. ಒಂದು ಗಡಗಿಯಲ್ಲಿ ಒಂದೂಕಾಲು ಮಿಲಿ ಆಂಪಿಯರು. ಪಕ್ಕದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊದಲಿನದಕ್ಕಿಂತ ನಾಲ್ಕು ಪಟ್ಟು.

ಹಳೆಯ ರಾಡಿಯೇ ಗಟ್ಟಿ ರಾಡಿ ಎಂದು ಬರೆದ. ಅರ್ಧ ಸತ್ಯ ಅದು. ಉಳಿದ ಅರ್ಧ ಗಡಗಿಯೊಳಗೆ ಕೋಲಿಗೆ ಅಂಟಿಕೊಂಡಿತ್ತು.

ಜೂನ್ ಮೊದಲಲ್ಲಿ ಹದಿನಾರು ಗಡಗಿ ಹೂಡಿ, ಎಂಟೆಂಟರ ಎರಡು ಸಾಲು ಕಟ್ಟಿದ. ರಾಡಿ ಹಳತಾಗಬೇಕೆಂದು ಮಣ್ಣು ಮೆತ್ತಿ ಬಾಯಿ ಮುಚ್ಚಿದವನು ಏಳು ವಾರ ತೆರೆಯಲಿಲ್ಲ. ನಳಿಗೆಯಿಂದ ಮುಸುರಿ ನೀರು ಮಾತ್ರ ಹನಿಸುತ್ತಿದ್ದ. ಸೂಜಿ ಪೂರ್ತಿ ವಾಲಲು ಒಂದೂವರೆ ಮಿಲಿ ಆಂಪಿಯರು ಸಾಕು. ಜುಲೈ ಇಪ್ಪತ್ತಕ್ಕೆ ತಂತಿಯನ್ನು ಹೆಂಡಿಯ ಸಾಲಿಗೆ ಕೂಡಿಸಿದಾಗ, ಗೇಟಿನಲ್ಲಿ ಸೂಜಿ ಬಲಕ್ಕೆ ಬಿದ್ದು ಎರಡು ತಾಸು ಹಾಗೇ ನಿಂತಿತು. ಲಾಲ್ ಅಹ್ಮದ್ ಆ ಎರಡು ತಾಸೂ ಬೀಡಿ ಹಚ್ಚದೆ ನೋಡಿದ. "ಸಾಹೇಬ ಬರ್ಲಿ," ಎಂದ. "ಅವನ ಕಂಬಗಳಿಗೆ ದನ ಕಟ್ಟೋಣ."

ಸಾಹೇಬರು ಬರುವುದು ಮೂವತ್ತರಂದು ಎಂದು ಗೊತ್ತಾಯಿತು. ಇಪ್ಪತ್ತೊಂಬತ್ತರ ಮಧ್ಯಾಹ್ನ ಚಂದ್ರಾಮ ಖೋಲಿಗೆ ಸುಣ್ಣ ಬಳಿದ, ನೆಲ ತಿಕ್ಕಿದ, ಭರಣಿಗಳ ಗಾಜು ಒರೆಸಿದ. ಕೊನೆಗೆ ಒಂದು ಗಡಗಿಯ ಮುಚ್ಚಳ ತೆಗೆದು ನೋಡಿದ.

ಕೋಲಿನ ಕಟ್ಟಿನ ಮೇಲೆಲ್ಲ ಬೂದುಗಪ್ಪು ಲೋಳೆ. ಬೆರಳಿಗೆ ಜಾರುವಷ್ಟು ದಪ್ಪ. ಚರಂಡಿಯ ಬಾಯಲ್ಲಿ ಕಲ್ಲಿಗೆ ಅಂಟಿರುತ್ತದಲ್ಲ, ಅಂಥದ್ದು. ನಾತವೂ ಅದೇ.

ಅನಸುಬಾಯಿ ಬುತ್ತಿ ತಂದಿದ್ದಳು. ಗಂಡ ಒಲೆಗೆ ಸೋಡಾ ನೀರು ಇಡುವುದನ್ನು ಕಂಡು ಬಾಗಿಲಲ್ಲೇ ನಿಂತಳು.

"ಛಲೋ ನಡದದ. ಯಾಕ ಬಿಚ್ಚಲಿಕತ್ತೀರಿ?"

"ಸಾಹೇಬ ಮುಚ್ಚಳ ತೆಗಿ ಅಂತಾನ. ತೆಗದು ಈ ಲೋಳಿ ತೋರಸ್ಲೇನು?"

"ಹೆಂಡಿ ಬ್ಯಾಟರಿ ಅಂದ ಮ್ಯಾಲ ಹೆಂಡಿ ಇರ್ತದ. ಅವ್ರಿಗೂ ಗೊತ್ತಿರ್ತದ."

"ಬ್ಯಾರೆಯವ್ರ ಖೋಲ್ಯಾಗ ಇದ್ರ ಹೆಂಡಿ ಅಂತಾರ, ಅನಸೂ. ನನ್ನ ಖೋಲ್ಯಾಗ ಇದ್ರ, ಇವ್ರ ಕೈಗೆ ಕೊಟ್ರ ಹಿಂಗೇ ಇಡ್ತಾರ ಅಂತಾರ."

ಅವಳು ಬುತ್ತಿ ಕೆಳಗಿಟ್ಟಳು. ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತು ತಾನೂ ತಿಕ್ಕಿದಳು. ಹದಿನಾರು ಗಡಗಿ, ತೊಂಬತ್ತಾರು ಕೋಲು. ಹೊತ್ತು ಮುಳುಗುವಾಗ ಎಲ್ಲ ಬೆಳಗುತ್ತಿದ್ದವು. ರಾಡಿ ಹಳೆಯದೇ ಇರಲಿ ಎಂದು ಅದನ್ನು ಬುಟ್ಟಿಯಲ್ಲಿ ಜೋಪಾನವಾಗಿ ತೆಗೆದಿಟ್ಟಿದ್ದ. ಅದನ್ನೇ ಮತ್ತೆ ತುಂಬಿ ಹೊಸ ಮಣ್ಣು ಮೆತ್ತಿದ. ಬೆಳಿಗ್ಗೆ ಮೀಟರು ಹಚ್ಚಿದರೆ ಅಂಕಿ ಮೇಲೇಳಲಿಲ್ಲ. ರಾಡಿ ಕದಡಿದೆ, ಹನ್ನೊಂದರ ಹೊತ್ತಿಗೆ ತಿಳಿಯಾದೀತು ಎಂದುಕೊಂಡ.

ಸಾಹೇಬರು ಹನ್ನೊಂದಕ್ಕೆ ಬಂದರು. ನಡುವಯಸ್ಸಿನ, ಮೆಲುಮಾತಿನ ಮನುಷ್ಯ. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು ಸುತ್ತ ನೋಡಿದರು. ಒಂದು ಮುಚ್ಚಳ ತೆಗೆಸಿದರು. ಕೋಲುಗಳು ಹೊಸದಾಗಿ ತಂದವುಗಳ ಹಾಗಿದ್ದವು.

"ಇಷ್ಟು ಸ್ವಚ್ಛ ಬ್ಯಾಟರಿ ಖೋಲಿ ನಾನೆಲ್ಲೂ ನೋಡಿಲ್ಲ," ಎಂದರು.

ಗೇಟಿನಲ್ಲಿ ತಂತಿ ಕೂಡಿಸಿದರು. ಸೂಜಿ ಒಂದು ಕೂದಲೆಳೆಯಷ್ಟು ಅಲುಗಿ ಅಲ್ಲೇ ನಿಂತಿತು. ಸಾಹೇಬರು ಅವಸರ ಮಾಡಲಿಲ್ಲ. ಕುರ್ಚಿ ಬೇಡವೆಂದು ನಿಂತೇ ಪೂರ್ತಿ ಒಂದು ತಾಸು ಕಾದರು. ಲಾಲ್ ಅಹ್ಮದ್ ಹಿಂದಿನಿಂದ, "ಹತ್ತು ದಿನದ ಹಿಂದ ಬಲಕ್ಕ ಪೂರಾ ಮಲಗಿತ್ರಿ ಸಾಬ್, ನನ್ನ ಕಣ್ಣಾರೆ ನೋಡೀನಿ," ಎಂದ. ಸಾಹೇಬರು ಅವನ ಕಡೆ ತಿರುಗಿ, ಇರಬಹುದು ಎಂದು ತಲೆಯಾಡಿಸಿದರು. ಹೋಗುವಾಗ ಚಂದ್ರಾಮನ ಹೆಗಲ ಮೇಲೆ ಕೈಯಿಟ್ಟರು. ಒಂದು ವಾರದಲ್ಲಿ ಆದೇಶ ಬಂತು. ಸೆಪ್ಟೆಂಬರ್ ಒಂದರಿಂದ ಬ್ಯಾಟರಿ ಖೋಲಿ ಬಂದ್. ಚಂದ್ರಾಮ, ಸಫಾಯಿ ಗ್ಯಾಂಗು.

ಹೆಂಡಿಯ ಸಾಲನ್ನು ಬಿಚ್ಚಲು ಅವನಿಗೆ ಕೈ ಬರಲಿಲ್ಲ. ಗೇಟಿನ ತಂತಿಗೆ, ಕಂಬದ ಕರೆಂಟಿನ ಜೊತೆಗೇ, ಕೂಡಿಸಿದ ಹಾಗೇ ಬಿಟ್ಟ. ಹದಿಮೂರನೆಯ ದಿನ ಗೇಟಿನಿಂದ ಲಾಲ್ ಅಹ್ಮದ್ ನಡೆದು ಬಂದು ಬಾಗಿಲ ಹೊರಗೆ ಕೂತ. ಒಂದು ಬೀಡಿ ಹಚ್ಚಿದ.

"ಕಂಬದ ಕರೆಂಟ್ ಹೋಗ್ಯದ. ಆದ್ರೂ ನಿನ್ನ ಸೂಜಿ ಬಲಕ್ಕ ಮಲಗ್ಯದ ನೋಡು," ಎಂದ ಆಮೇಲೆ.

ಚಂದ್ರಾಮ ಮುಚ್ಚಳ ತೆಗೆದ. ಕೋಲುಗಳ ಮೇಲೆ ಲೋಳೆ ಮತ್ತೆ ಬಂದಿತ್ತು.

ಆಗ ಅವನು, ನಾಲ್ಕು ವರ್ಷದಲ್ಲಿ ಮೊದಲ ಸಲ, ತೊಳೆಯುವುದನ್ನೊಂದನ್ನೇ ಬದಲಾಯಿಸಿ ನೋಡಿದ. ಸಾಲಿಗೆ ಸೇರದ ಎರಡು ಹಳೆಯ ಗಡಗಿ ತೆಗೆದುಕೊಂಡ, ಎರಡಕ್ಕೂ ಅದೇ ರಾಡಿ, ಅದೇ ಉಪ್ಪುನೀರು. ಒಂದರ ಕೋಲು ತೊಳೆದ, ಇನ್ನೊಂದರದು ತೊಳೆಯಲಿಲ್ಲ. ತೊಳೆದದ್ದು ಸತ್ತಿತು, ತೊಳೆಯದ್ದು ನಡೆಯಿತು. ತೊಳೆಯದ ಕೋಲನ್ನು ಸತ್ತ ಗಡಗಿಗೆ ಬದಲಿಸಿದ. ಒಂದೇ ದಿನದಲ್ಲಿ ಸತ್ತ ಗಡಗಿ ಎದ್ದು ಕೂತಿತು. ಆಗಸ್ಟ್ ಇಪ್ಪತ್ತೈದಕ್ಕೆ ನೋಟುಬುಕ್ಕು ಹಿಡಿದುಕೊಂಡು ಚಿತ್ತಾಪುರಕ್ಕೆ ಹೋದ.

ಮಾಸ್ತರು ಅಂಕಿಗಳನ್ನು ಎರಡು ಸಲ ಓದಿದರು. ಮುಖ ಮೊದಲು ಅರಳಿತು, ಆಮೇಲೆ ಬಾಡಿತು.

"ಹೆಪ್ಪು ಇದು, ಚಂದ್ರಾಮಪ್ಪ. ಹಾಲಿಗೆ ಹೆಪ್ಪು ಇದ್ದಂಗ. ರಾಡ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ. ಕೋಲಿಗೆ ಅಂಟಿ ಮನಿ ಮಾಡಿದವೇ ಕರೆಂಟ್ ಕೊಡ್ತಾವ ಅಂತ ಕಾಣ್ತದ. ಪ್ರತಿ ಶನಿವಾರ ನೀವು ಅವನ್ನ ಮನಿ ಬಿಡಿಸಿ ಹೊರಗ ಹಾಕೀರಿ."

"ಹೌದ್ರಿ. ಗೊತ್ತಾಯ್ತು."

ಮಾಸ್ತರು ಆಗಲೇ ಕಾಗದ ತೆಗೆದರು. ಸಾಹೇಬರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳತೊಡಗಿದರು. ಕಂಬದ ಕರೆಂಟು ಹೋದರೂ ಸೂಜಿ ಈಗ ಹನ್ನೆರಡು ದಿನದಿಂದ ವಾಲಿ ನಿಂತಿದೆ. ಮೂವತ್ತನೆಯ ತಾರೀಕು ಅದು ವಾಲದಿದ್ದಕ್ಕೆ ಕಾರಣ, ಹಿಂದಿನ ದಿನ ಕೋಲುಗಳನ್ನು ತೊಳೆದದ್ದು.

"ಆ ಸಾಲು ತೆಗೀರಿ ಮಾಸ್ತರ್."

"ಅದೇ ಮುಖ್ಯ ಸಾಲು. ಅದಿಲ್ಲಂದ್ರ ಅವ್ರು ಯಾಕ ನಂಬ್ತಾರ? ಮುಂದ ಇನ್ನೊಬ್ಬರು ಯಾರಾರ ಮಾಡಿದ್ರ ಅವ್ರಿಗೂ ಇದೇ ಬೇಕು."

ಚಂದ್ರಾಮ ತನ್ನ ಕೈ ನೋಡಿಕೊಂಡ.

"ಹೊಲಸು ಅಂತ ನಮ್ಮನ್ನ ಊರ ಹೊರಗ ಇಟ್ರು. ಕೈ ತೊಳಕೊಂಡು ತೊಳಕೊಂಡು ನಾ ಇಲ್ಲೀತನ ಬಂದೀನಿ. ತೊಳದದ್ದು ತಪ್ಪು ಅಂತ ನನ್ನ ಹೆಸರಿನ ಕೆಳಗ ಬರೀಬ್ಯಾಡ್ರಿ."

"ಬರೀದಿದ್ರ ಕೆಲಸ ಹೋಗ್ತದ, ಚಂದ್ರಾಮಪ್ಪ."

"ಹೋಗ್ತದ್ರಿ."

ಮಾಸ್ತರು ವಾದ ಮಾಡುವುದರಲ್ಲಿ ಗಟ್ಟಿಗರು. ಅವತ್ತು ಮಾಡಲಿಲ್ಲ. ಆ ಸಾಲು ಬಿಟ್ಟು ಬರೆಯಲು ಅವರಿಗೂ ಮನಸ್ಸು ಒಪ್ಪಲಿಲ್ಲ. ಪತ್ರ ಹಾಗೇ ಉಳಿಯಿತು. ಹೆಂಡತಿಯನ್ನು ಕರೆದು ಚಹಾ ಮಾಡಿಸಿ, ತಾವು ಕುಡಿಯುವ ಕಪ್ಪಿನಲ್ಲೇ ಅವನಿಗೆ ಕೊಟ್ಟರು. ಸ್ಟೇಶನ್ನಿನವರೆಗೆ ಜೊತೆಗೆ ನಡೆದು ಬಂದರು.

ಆಗಸ್ಟ್ ಮೂವತ್ತೊಂದರಂದು ಖೋಲಿಯ ಸಾಮಾನನ್ನೆಲ್ಲ ಉಗ್ರಾಣಕ್ಕೆ ಒಪ್ಪಿಸಬೇಕಿತ್ತು. ಉಗ್ರಾಣದವನು ಬಾಗಿಲಲ್ಲಿ ನಿಂತು ಯಾದಿ ಓದಿದ. ಸೂಜಿ ಆಗಲೂ ಬಲಕ್ಕೆ ವಾಲಿತ್ತು. ಕಂಬದ ಕರೆಂಟು ಬೆಳಿಗ್ಗೆಯೇ ಹೋಗಿತ್ತು, ಬಂಡಿಗಳು ಹೆಂಡಿಯ ಬಲದ ಮೇಲೆ ಓಡಾಡುತ್ತಿದ್ದವು. ಅದು ಲಾಲ್ ಅಹ್ಮದನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಗಡಗಿ ಹದಿನಾರು, ಸಣ್ಣ ಕೋಲು ತೊಂಬತ್ತಾರು," ಎಂದ ಉಗ್ರಾಣದವನು. ಒಂದು ಮುಚ್ಚಳ ಎತ್ತಿ ನೋಡಿ ಮೂಗು ಮುಚ್ಚಿಕೊಂಡ. "ಹಿಂಗ ತಗೊಳ್ಳಂಗಿಲ್ಲಪಾ. ತೊಳದು ಕೊಡು."

ಚಂದ್ರಾಮ ತಂತಿ ಬಿಚ್ಚಿದ. ಅತ್ತ ಗೇಟಿನಲ್ಲಿ ಬಂಡಿಗಳು ಒಂದರ ಹಿಂದೊಂದು ನಿಂತವು. ಅವನು ನಳದ ಹತ್ತಿರ ಕೂತು ಒಂದು ಕೋಲು ತೆಗೆದುಕೊಂಡ. ನಾರಿನಿಂದಲ್ಲ, ಹೆಬ್ಬೆರಳಿನಿಂದ ತಿಕ್ಕಿದ. ಲೋಳೆ ಬೇಗ ಬಿಡಲಿಲ್ಲ. ತೊಂಬತ್ತಾರೂ ಮುಗಿಯುವ ಹೊತ್ತಿಗೆ ಉಗ್ರಾಣದವನು ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬಂದಿದ್ದ.

"ಇಷ್ಟೊತ್ತು ಏನು ಮಾಡಿದಿ?" ಎಂದ. ಕೋಲುಗಳನ್ನು ಎಣಿಸಿ, ಒಂದನ್ನು ಬೆಳಕಿಗೆ ಹಿಡಿದು, ಯಾದಿಯಲ್ಲಿ ಗೀಟು ಎಳೆದ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಚಂದ್ರಾಮ ಕಾಲೋನಿಯ ಮೂರನೆಯ ಸಾಲಿನ ಚರಂಡಿಗೆ ಇಳಿದ. ಗ್ಯಾಂಗಿನ ಮುಕಾದಮ ಸಲಿಕೆ ಕೊಟ್ಟು, ಕಲ್ಲಿಗೆ ಅಂಟಿದ್ದು ಒಂದೂ ಉಳಿಯದಂತೆ ಕೆರೆಯಬೇಕು ಎಂದ. ಚಂದ್ರಾಮ ಹೂಂ ಎಂದ. ಮೊದಲ ಕಲ್ಲಿನ ಮುಂದೆ ಬಗ್ಗಿದವನು ಅದರ ಬೂದುಗಪ್ಪು ಲೋಳೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಹಿಂದಿನವರು ಕೂಗಿದ ಮೇಲೆ ಕೆರೆಯತೊಡಗಿದ.